ಆ 6 ಡೆಸಿಬೆಲ್ ಸಣ್ಣದಲ್ಲ

ಮಾನ್ಯರೇ,

ಕಡಲೊಳಗಿನ ಶಬ್ದದ ಅಧ್ಯಯನವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ; ಹಾಗೆಂದು ಕೈಬಿಡುವುದಕ್ಕೂ ಮನಸ್ಸು ಒಪ್ಪದ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ನೀಲಿ ತಿಮಿಂಗಿಲದ ಕೂಗು 188 ಡೆಸಿಬೆಲ್, ಜೆಟ್ ವಿಮಾನದ ಸದ್ದು 140, ಆದ್ದರಿಂದ ತಿಮಿಂಗಿಲದ್ದೇ ಜೋರು ಎಂದಿದ್ದೀರಿ. ಈ ಹೋಲಿಕೆ ಎಷ್ಟೋ ಕಡೆ ಅಚ್ಚಾಗಿರುವುದರಿಂದ ನೀವು ನಂಬಿದ್ದು ಸಹಜ, ಆದರೂ ಅದು ತಪ್ಪು. ಡೆಸಿಬೆಲ್ ಒಂದು ಆಧಾರ ಒತ್ತಡಕ್ಕೆ ಹೋಲಿಸಿ ಹೇಳುವ ಅನುಪಾತ. ಆ ಆಧಾರ ಗಾಳಿಯಲ್ಲಿ 20 ಮೈಕ್ರೊಪಾಸ್ಕಲ್, ನೀರಿನಲ್ಲಿ 1 ಮೈಕ್ರೊಪಾಸ್ಕಲ್. ಇದರೊಂದಿಗೆ ನೀರಿನ ಸಾಂದ್ರತೆಯನ್ನೂ ಅದರಲ್ಲಿ ಶಬ್ದದ ವೇಗವನ್ನೂ ಲೆಕ್ಕಕ್ಕೆ ಹಿಡಿದರೆ, ಒಂದೇ ತೀವ್ರತೆಯ ಶಬ್ದಕ್ಕೆ ನೀರಿನಲ್ಲಿ ಬರುವ ಅಂಕಿ ಗಾಳಿಯದಕ್ಕಿಂತ ಸುಮಾರು 62 ಡೆಸಿಬೆಲ್‌ನಷ್ಟು ಹೆಚ್ಚಿರುತ್ತದೆ. ನಿಮ್ಮ 188 ಅನ್ನು ಹಾಗೆ ಇಳಿಸಿ ನೋಡಿ.

ಅದೇ ಅಳತೆಯನ್ನು ಸರಿಯಾಗಿ ಹಿಡಿಯದೆ, ನಿಮ್ಮ ಬಳಿ ಇದ್ದ ಅತ್ಯುತ್ತಮ ಸಂಗತಿಯನ್ನು ಕೊನೆಯ ಪುಟದಲ್ಲಿ ಮೂರು ಸಾಲಿಗೆ ಮುಗಿಸಿದ್ದೀರಿ ಎಂಬುದು ನನ್ನ ನಿಜವಾದ ತಕರಾರು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಸೆಪ್ಟೆಂಬರ್ 11, 2001ರ ದಾಳಿಯ ನಂತರ ಹಡಗುಗಳ ಸಂಚಾರ ಇಳಿದಾಗ ಸದ್ದು ‘ಕೇವಲ 6 ಡೆಸಿಬೆಲ್’ ಕಡಿಮೆಯಾಯಿತು ಎಂದು ಬರೆದಿದ್ದೀರಿ. ಆ ‘ಕೇವಲ’ವನ್ನು ತೆಗೆದುಹಾಕಿ. 6 ಡೆಸಿಬೆಲ್ ಇಳಿದರೆ ಶಬ್ದದ ಒತ್ತಡ ಅರ್ಧಕ್ಕೆ, ತೀವ್ರತೆ ಕಾಲು ಭಾಗಕ್ಕೆ ಬರುತ್ತದೆ. ಒಂದು ತಂಡ ಆಗ ಬೇರೆ ಉದ್ದೇಶಕ್ಕಾಗಿ ಅಲ್ಲಿ ಶಬ್ದವನ್ನು ದಾಖಲಿಸುತ್ತಿತ್ತು; ಇನ್ನೊಂದು ತಂಡ ‘ರೈಟ್’ ಎಂಬ ಜಾತಿಯ ತಿಮಿಂಗಿಲಗಳ ಮಲವನ್ನು ಸಂಗ್ರಹಿಸಿ, ಅದರಲ್ಲಿ ದೇಹದ ಮೇಲಿನ ಒತ್ತಡವನ್ನು (ಸ್ಟ್ರೆಸ್) ಸೂಚಿಸುವ ಹಾರ್ಮೋನುಗಳ ಅಂಶವನ್ನು ಅಳೆಯುತ್ತಿತ್ತು. ಆ ದಿನಗಳಲ್ಲಿ ಹಾರ್ಮೋನಿನ ಮಟ್ಟವೂ ಇಳಿದಿತ್ತು, ಮುಂದಿನ ವರ್ಷಗಳ ಅದೇ ತಿಂಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಎರಡೂ ದಾಖಲೆಗಳನ್ನು ಜೋಡಿಸಿದ ಪ್ರಬಂಧ ಪ್ರಕಟವಾದದ್ದು 2012ರಲ್ಲಿ. ಹಡಗಿನ ಸದ್ದು ಪ್ರಾಣಿಯ ಮೈಯೊಳಗೆ ಏನು ಮಾಡುತ್ತದೆ ಎಂಬುದಕ್ಕೆ ಯಾರೂ ಯೋಜಿಸಿ ನಡೆಸಲಾಗದಂಥ ಪ್ರಯೋಗ ತಾನಾಗಿ ಒದಗಿತ್ತು. ನಿಮ್ಮ ಲೇಖನ ಅಲ್ಲಿಂದಲೇ ಆರಂಭವಾಗಬೇಕು.

ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಎಂದು ಹೇಳಿ ಮುಂದೆ ಹೋಗಿದ್ದೀರಿ. ಉಷ್ಣತೆ, ಲವಣಾಂಶ, ಆಳ ಬದಲಾದಂತೆ ಆ ವೇಗವೂ ಬದಲಾಗುತ್ತದೆ, ಉಪಯೋಗವಿರುವುದೂ ಅದರಲ್ಲೇ. ಸಾಗರವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ಜನವರಿ 1991ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದ ಹರ್ಡ್ ದ್ವೀಪದ ಬಳಿ ಹೊರಡಿಸಿದ ಶಬ್ದ ಅಮೆರಿಕದ ಎರಡೂ ಕರಾವಳಿಗಳನ್ನು ತಲುಪಿತು. ಶಬ್ದದ ಪ್ರಯಾಣಕಾಲದಿಂದ ಕಡಲು ಬಿಸಿಯಾಗುತ್ತಿರುವುದನ್ನು ಅಳೆಯಬಹುದೇ ಎಂಬುದೇ ಅವರ ಪ್ರಶ್ನೆಯಾಗಿತ್ತು. ಇದಕ್ಕೆ ಒಂದು ಪ್ಯಾರಾ ಸಾಕು.

ಮಲ್ಪೆಯ ದೋಣಿಯಲ್ಲಿ ಎಕೋ ಸೌಂಡರ್ ಪರದೆಯನ್ನು ನೋಡಿದೆ ಎಂಬ ನಿಮ್ಮ ಒಂದೇ ವಾಕ್ಯವನ್ನು ಮಾತ್ರ ಬೆಳೆಸಿ. ಈ ಉಪಕರಣ ನೀರಿಗೆ ಶಬ್ದವನ್ನು ಬಿಟ್ಟು, ಮರಳಿ ಬರುವ ಪ್ರತಿಧ್ವನಿಯಿಂದ ಮೀನನ್ನೂ ತಳವನ್ನೂ ತೋರಿಸುತ್ತದೆ. ಶಬ್ದವನ್ನು ಬಲವಾಗಿ ಹಿಂದಕ್ಕೆ ಕಳುಹಿಸುವುದು ಮೀನಿನ ಹೊಟ್ಟೆಯ ಗಾಳಿಚೀಲ; ಅದಿಲ್ಲದ ಶಾರ್ಕ್ ಪರದೆಯಲ್ಲಿ ಮಸುಕು. ದೋಣಿ ನಡೆಸುವ ತಾಂಡೇಲರು ಯಾವ ಗುರುತನ್ನು ಮೀನೆಂದರು, ಯಾವುದನ್ನು ತಳದ ಕಲ್ಲೆಂದರು, ಬಲೆ ಬಿಡುವ ನಿರ್ಧಾರಕ್ಕೆ ಹೇಗೆ ಬಂದರು ಎಂಬುದನ್ನು ಅವರನ್ನೇ ಮತ್ತೊಮ್ಮೆ ಕೇಳಿ ಬರೆದು, ತಿದ್ದಿದ ಪ್ರತಿಯನ್ನು ನನಗೆ ಕಳುಹಿಸಿ.