ಕೈಯಲ್ಲಿ 55 ಸಾವಿರ, ಕಣ್ಣಲ್ಲಿ ವಿಯೆಟ್ನಾಂ
ಓದುಗರ ಪ್ರಶ್ನೆ, ನಮ್ಮ ಉತ್ತರ

ಒಬ್ಬರೇ ಹೊರದೇಶಕ್ಕೆ ಹೊರಡುವ ವಿದ್ಯಾರ್ಥಿಗಳಿಂದ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ವಿಯೆಟ್ನಾಂನದೇ ಮಾತು ಹೆಚ್ಚು. ಹಾಗಾಗಿ ಈ ಸಂಚಿಕೆಯನ್ನು ಆ ಒಂದು ದೇಶಕ್ಕೇ ಮೀಸಲಿಟ್ಟಿದ್ದೇವೆ.

ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಟ್ಯೂಷನ್ ಹೇಳಿ 55 ಸಾವಿರ ರೂಪಾಯಿ ಕೂಡಿಸಿದ್ದೇನೆ. ಏಪ್ರಿಲ್‌ನಲ್ಲಿ 12 ದಿನ ಹನೋಯಿಯಿಂದ ಹೋ ಚಿ ಮಿನ್ ನಗರದವರೆಗೆ ಒಬ್ಬನೇ ಸುತ್ತಿ ಬರಬಹುದೇ?
— ವಿ. ಎಂ., ಧಾರವಾಡ

ಹೋಗಿ ಬರಬಹುದು. ಆದರೆ 12 ದಿನ ಬೇಡ, 10 ಸಾಕು. ದೇಶದ ಉದ್ದಕ್ಕೂ ಓಡುವುದಂತೂ ಬೇಡವೇ ಬೇಡ. ಹನೋಯಿಯಿಂದ ಹೋ ಚಿ ಮಿನ್ ನಗರಕ್ಕೆ ರೈಲು ದಾರಿ 1,726 ಕಿಲೋಮೀಟರ್. ಹತ್ತು ದಿನದಲ್ಲಿ ಅಷ್ಟನ್ನು ಮುಗಿಸಲು ಹೊರಟರೆ ನೋಡುವುದಕ್ಕಿಂತ ಕೂತು ಪ್ರಯಾಣಿಸುವುದೇ ಹೆಚ್ಚಾಗುತ್ತದೆ, ದುಡ್ಡೆಲ್ಲ ಟಿಕೆಟ್ಟಿಗೇ ಹೋಗುತ್ತದೆ. ಉತ್ತರ ಮತ್ತು ನಡುಭಾಗ ಇಟ್ಟುಕೊಳ್ಳಿ: ಹನೋಯಿಯಲ್ಲಿ 2 ರಾತ್ರಿ, ನಿನ್ಹ್ ಬಿನ್ಹ್‌ನಲ್ಲಿ 2, ರೈಲಿನಲ್ಲಿ 1, ಹ್ಯುಯೆಯಲ್ಲಿ 1, ಹೋಯಿ ಆನ್‌ನಲ್ಲಿ 3. ಹತ್ತನೇ ದಿನ ಡಾ ನಾಂಗ್‌ನಿಂದ ವಿಮಾನ.

ಲೆಕ್ಕ ಹೀಗೆ. ಎರಡು ಮೂರು ತಿಂಗಳು ಮುಂಚೆ ನೋಡಿದರೆ ಹೋಗಿ ಬರುವ ಟಿಕೆಟ್ ಸುಮಾರು 25,000ಕ್ಕೆ ಸಿಗಬಹುದು. ವೀಸಾ 25 ಡಾಲರ್, ಅಂದರೆ ಹತ್ತಿರ ಹತ್ತಿರ 2,300. ವಿಮೆ ಮತ್ತು ಅಲ್ಲಿನ ಸಿಮ್ 1,500. ಹಾಸ್ಟೆಲ್ ಡಾರ್ಮಿಟರಿಯ ಹಾಸಿಗೆ 600ರಂತೆ 8 ರಾತ್ರಿಗೆ 4,800. ಊಟ ತಿಂಡಿ ದಿನಕ್ಕೆ 800ರಂತೆ 8,000. ಊರಿಂದೂರಿಗೆ ರೈಲು, ಬಸ್ಸು 4,500. ಊರೊಳಗಿನ ಓಡಾಟ 2,000. ಪ್ರವೇಶ ಶುಲ್ಕಗಳಿಗೆ 2,500. ಒಟ್ಟು 50,600. ಉಳಿಯುವುದು 4,400. ನಿಮ್ಮ ಹನ್ನೆರಡು ದಿನಕ್ಕೆ ಬೇಕಾದ ಹೆಚ್ಚುವರಿ ಎರಡು ದಿನ ಇದರಲ್ಲಿ 3,400 ನುಂಗುತ್ತವೆ. ಆಮೇಲೆ ಜ್ವರ ಬಂದರೆ, ಬಸ್ಸು ತಪ್ಪಿದರೆ ಕೈಯಲ್ಲಿರುವುದು ಒಂದು ಸಾವಿರ. ಆ ಎರಡು ದಿನ ಬಿಡಿ ಎಂದದ್ದು ಅದಕ್ಕೇ. ಪಾಸ್‌ಪೋರ್ಟಿನ 1,500 ಮತ್ತು ಧಾರವಾಡದಿಂದ ಬೆಂಗಳೂರಿಗೆ ಬರುವ ಖರ್ಚು ಈ ಲೆಕ್ಕದಲ್ಲಿಲ್ಲ.

ಈ ದಾರಿಯಲ್ಲಿ ಎರಡು ಕಡೆ ದುಡ್ಡು ಉಳಿಯುತ್ತದೆ. ನಿನ್ಹ್ ಬಿನ್ಹ್ ಇರುವುದು ಹನೋಯಿಯಿಂದ ದಕ್ಷಿಣಕ್ಕೆ ಹೋಗುವ ಮುಖ್ಯ ರೈಲು ಮಾರ್ಗದಲ್ಲೇ. ರಾತ್ರಿ ರೈಲನ್ನು ಅಲ್ಲೇ ಹತ್ತಬಹುದು, ಹನೋಯಿಗೆ ವಾಪಸ್ ಹೋಗಬೇಕಿಲ್ಲ. ಆರು ಬರ್ತಿನ ಗಟ್ಟಿ ಹಾಸಿಗೆಯ ಬೋಗಿಯಲ್ಲಿ ಎಲ್ಲಕ್ಕಿಂತ ಮೇಲಿನ ಬರ್ತು ಅಗ್ಗ; ಎದ್ದು ಕೂತರೆ ತಲೆ ತಾಗುತ್ತದೆ, ಮಲಗಲು ಅಡ್ಡಿಯಿಲ್ಲ. ಇನ್ನೊಂದು, ಹಾಲೊಂಗ್ ಕೊಲ್ಲಿಯನ್ನು ಬಿಟ್ಟದ್ದರಿಂದ. ಅಲ್ಲಿನ ಒಂದು ದಿನದ ದೋಣಿ ಪ್ರವಾಸಕ್ಕೆ ಕೊಡುವ ದುಡ್ಡಿನಲ್ಲಿ ಎರಡು ದಿನ ಆರಾಮಾಗಿ ಕಳೆಯಬಹುದು. ಅದೇ ಜಾತಿಯ ಸುಣ್ಣಕಲ್ಲಿನ ಗುಡ್ಡಗಳ ನಡುವೆ, ನಿನ್ಹ್ ಬಿನ್ಹ್‌ನ ಚಾಂಗ್ ಆನ್‌ನಲ್ಲಿ, ಸುಮಾರು 2,50,000 ಡಾಂಗ್ (ಅಲ್ಲಿನ ಹಣ) ಕೊಟ್ಟರೆ ಮೂರು ಗಂಟೆ ದೋಣಿಯಲ್ಲಿ ಸುತ್ತಿಸುತ್ತಾರೆ. ರೂಪಾಯಿಯಲ್ಲಿ 850ರ ಆಸುಪಾಸು. ಹ್ಯುಯೆಯಿಂದ ಡಾ ನಾಂಗ್‌ಗೆ ಹಗಲು ರೈಲನ್ನೇ ಹಿಡಿಯಿರಿ, ಎಡಗಡೆ ಕಿಟಕಿ ಕೇಳಿ. ಹಾಯ್ ವಾನ್ ಘಟ್ಟದಲ್ಲಿ ಸಮುದ್ರ ಇರುವುದು ಆ ಕಡೆ.

ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮಿ ಸನ್ ಬಿಡಬೇಡಿ. ಅಲ್ಲಿನ ಹಳೆಯ ಚಂಪಾ ರಾಜ್ಯದ ಅರಸರು ಕಟ್ಟಿಸಿದ ಶಿವಾಲಯಗಳು, ಸಂಸ್ಕೃತ ಶಾಸನಗಳು ಅಲ್ಲಿವೆ. ಪಟ್ಟದಕಲ್ಲು ನೋಡಿದ ಕಣ್ಣಿಗೆ ಅಲ್ಲಿನ ಇಟ್ಟಿಗೆಯ ಗುಡಿಗಳು ಬೇರೆಯದೇ ಪಾಠ ಹೇಳುತ್ತವೆ.

ದುಡ್ಡು ನಿಜವಾಗಿ ಸೋರುವುದು ಟಿಕೆಟ್ ಕಾಯ್ದಿರಿಸುವಾಗ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಒಂದು, ಅಲ್ಲಿಂದ ಹನೋಯಿಗೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ಕೊಂಡರೆ ಮೂರು ಸಾವಿರ ಕಡಿಮೆ ಕಾಣಬಹುದು. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ನಡುವಿನ ದೇಶದ ಇಮಿಗ್ರೇಷನ್ ದಾಟಿ ಹೊರಬಂದು ಮತ್ತೆ ಒಳಹೋಗಬೇಕು, ಅದಕ್ಕೆ ಆ ದೇಶದ ಪ್ರವೇಶ ನಿಯಮವೂ ಅನ್ವಯಿಸುತ್ತದೆ. ಹೋಗುವುದಕ್ಕೊಂದು, ಬರುವುದಕ್ಕೊಂದು ಬುಕಿಂಗ್ ಇರಲಿ. ಒಂದೊಂದರಲ್ಲೂ ಊರಿಂದ ಕೊನೆಯ ನಿಲ್ದಾಣದವರೆಗೆ ಒಂದೇ ಪಿಎನ್‌ಆರ್ ಇರಲಿ. ಅಗ್ಗದ ಟಿಕೆಟ್ಟಿನಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ, ಲ್ಯಾಪ್‌ಟಾಪ್ ಚೀಲವೂ ಸೇರಿ. ಮನೆಯಲ್ಲೇ ತೂಗಿ, ಕಿರಾಣಿ ಅಂಗಡಿಯ ತಕ್ಕಡಿಯಾದರೂ ಸರಿ. ವಿಮಾನ ನಿಲ್ದಾಣದಲ್ಲಿ ಹೆಚ್ಚುವರಿ ತೂಕಕ್ಕೆ ಕಟ್ಟುವ ದುಡ್ಡು, ಮೊದಲೇ ಆನ್‌ಲೈನಿನಲ್ಲಿ ಕಟ್ಟುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಏಪ್ರಿಲ್ ಒಳ್ಳೆಯ ಆಯ್ಕೆ. ಆದರೆ ಏಪ್ರಿಲ್ 30 ಮತ್ತು ಮೇ 1 ಅಲ್ಲಿ ಸಾಲು ರಜೆ, ರೈಲು ಹಾಸ್ಟೆಲ್ ಎಲ್ಲ ತುಂಬಿರುತ್ತವೆ. ಅಷ್ಟರೊಳಗೆ ವಾಪಸ್ ಬನ್ನಿ.

ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ವೀಸಾಗೆ, ಟಿಕೆಟ್ಟಿಗೆ ತೊಂದರೆಯೇ?
— ತುಮಕೂರಿನ ಓದುಗ

ಇನಿಷಿಯಲ್ ಹಾಕುವ ನಮ್ಮ ಕಡೆಯವರಿಗೆ ಇದು ಮಾಮೂಲಿ ತಲೆನೋವು. ವಿಮಾನದ ಟಿಕೆಟ್ ಮಾಡುವಾಗ ಸರ್‌ನೇಮ್ ಜಾಗ ಖಾಲಿ ಬಿಡಲು ಬರುವುದಿಲ್ಲ. ಕೆಲವು ಕಂಪನಿಗಳು ಅದೇ ಹೆಸರನ್ನು ಎರಡೂ ಕಡೆ ಬರೆಯಿರಿ ಎನ್ನುತ್ತವೆ, ಕೆಲವು ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಹಾಕಿಸುತ್ತವೆ. ದುಡ್ಡು ಕಟ್ಟುವ ಮೊದಲು ಆ ಕಂಪನಿಯ ನಿಯಮ ಓದಿ. ಆಮೇಲೆ ಹೆಸರು ತಿದ್ದಿಸುವುದಕ್ಕೆ ದಂಡ ತೆರಬೇಕು. ದುಬೈ ಕಡೆ ಹೋಗುವ ಯೋಚನೆಯೂ ಇದ್ದರೆ, ಯುಎಇ ಒಂದೇ ಪದದ ಹೆಸರಿಗೆ ಪ್ರವಾಸಿ ವೀಸಾ ಕೊಡುವುದನ್ನು 2022ರ ನವೆಂಬರಿನಲ್ಲಿ ನಿಲ್ಲಿಸಿದೆ. ಮೂರು ನಾಲ್ಕು ತಿಂಗಳ ಸಮಯವಿದ್ದರೆ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟನ್ನೇ ಮರುವಿತರಣೆ ಮಾಡಿಸಿಕೊಳ್ಳುವುದು ಜಾಣತನ.

ವಿಯೆಟ್ನಾಂ ಇ-ವೀಸಾ ಅರ್ಜಿಯಲ್ಲಿ ಹೆಸರು, ಜನ್ಮದಿನ, ಪಾಸ್‌ಪೋರ್ಟ್ ಸಂಖ್ಯೆ ಅಕ್ಷರಶಃ ಹೊಂದಬೇಕು. ನಮ್ಮ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಮೊದಲನೆಯದು ಮಾತ್ರ ಇಂಗ್ಲಿಷ್ ಅಕ್ಷರ, ಉಳಿದ ಏಳೂ ಅಂಕಿ. ಸೊನ್ನೆಯ ಬದಲು 'ಓ' ಒತ್ತುವ ತಪ್ಪನ್ನು ಇಲ್ಲೇ ಹಿಡಿಯಬಹುದು. ತಪ್ಪು ಅಚ್ಚಾದ ವೀಸಾ ಕೈಗೆ ಬಂದರೆ ಹೊಸ ಅರ್ಜಿ, ಮತ್ತೆ 25 ಡಾಲರ್. ಹಳೆಯದು ವಾಪಸ್ ಬರುವುದಿಲ್ಲ. ಹುಡುಕಿದಾಗ ಮೊದಲಿಗೆ ಕಾಣುವ ಜಾಹೀರಾತು ತಾಣಗಳು 60, 70 ಡಾಲರ್ ಕೇಳುವ ದಲ್ಲಾಳಿಗಳವು. ಸರ್ಕಾರದ ತಾಣದ ವಿಳಾಸ 'ಗವ್ ಡಾಟ್ ವಿಎನ್' ಎಂದು ಮುಗಿಯುತ್ತದೆ. ಮೂರು ಕೆಲಸದ ದಿನ ಎನ್ನುತ್ತಾರೆ, ನೀವು ಮೂರು ವಾರ ಇಟ್ಟುಕೊಳ್ಳಿ. ವೀಸಾವನ್ನು ಕಾಗದದಲ್ಲಿ ಮುದ್ರಿಸಿ ಒಯ್ಯಿರಿ.

ಅಲ್ಲಿ ಯುಪಿಐ ನಡೆಯುತ್ತದೆಯೇ? ಡಾಲರ್ ಒಯ್ಯಲೇ, ಕಾರ್ಡ್ ಸಾಕೇ?
— ಎಸ್., ಮಂಡ್ಯ

ಯುಪಿಐ ನೆಚ್ಚಿಕೊಂಡು ಹೊರಡಬೇಡಿ. ಒಂದು ಭಾಗ ಡಾಲರ್ ನೋಟು, ಉಳಿದದ್ದು ಕಾರ್ಡ್. ನೋಟು ಹೊಸದಿರಲಿ; ಮಡಚಿ ಹರಿದದ್ದು, ಪೆನ್ನಿನ ಗುರುತಿರುವುದು ಬೇಡ. 100 ಡಾಲರಿನ ನೋಟಿಗೆ ಚಿಲ್ಲರೆ ಡಾಲರಿಗಿಂತ ಸ್ವಲ್ಪ ಒಳ್ಳೆಯ ದರ ಸಿಗುತ್ತದೆ. ರೂಪಾಯಿ ನೋಟು 25,000ಕ್ಕಿಂತ ಹೆಚ್ಚು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಒಯ್ದರೂ ಅಲ್ಲಿ ಬದಲಿಸುವುದು ಕಷ್ಟ.

ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮುನ್ನವೇ ತೆರೆಯಿರಿ. ನಿಮ್ಮ ಭಾರತದ ಸಿಮ್‌ಗೆ ರೋಮಿಂಗ್ ಚಾಲೂ ಮಾಡಿಸದಿದ್ದರೆ ಒಟಿಪಿ ಬರುವುದಿಲ್ಲ. ಅಲ್ಲಿ ಹೋದ ಮೇಲೆ ಇದನ್ನು ಸರಿಪಡಿಸಲೂ ಒಟಿಪಿಯೇ ಬೇಕು! ಎಟಿಎಂನಲ್ಲಿ ಒಂದೊಂದು ಸಲಕ್ಕೂ ಆ ಬ್ಯಾಂಕಿನ ಶುಲ್ಕ, ನಮ್ಮ ಬ್ಯಾಂಕಿನ ಶುಲ್ಕ, ಅದರ ಮೇಲೆ ವಿನಿಮಯ ದರಕ್ಕೆ ಸೇರಿಸುವ ಮಾರ್ಕಪ್, ಆ ಮಾರ್ಕಪ್ಪಿಗೆ ಜಿಎಸ್‌ಟಿ. ಹಾಗಾಗಿ ಐದು ಸಲ ತೆಗೆಯುವುದನ್ನು ಎರಡೇ ಸಲಕ್ಕೆ ತೆಗೆಯಿರಿ. 'ರೂಪಾಯಿಯಲ್ಲಿ ಕಡಿಯಲೇ, ಡಾಂಗ್‌ನಲ್ಲೇ?' ಎಂದು ಯಂತ್ರ ಕೇಳಿದರೆ ಡಾಂಗ್ ಎನ್ನಿ. ರೂಪಾಯಿ ಎಂದರೆ ಅವರು ಹೇಳಿದ್ದೇ ದರ.

ಹೆಚ್ಚುಕಡಿಮೆ 300 ಡಾಂಗ್‌ಗೆ ಒಂದು ರೂಪಾಯಿ. ಕೊನೆಯ ಮೂರು ಸೊನ್ನೆ ಬಿಟ್ಟು ಮೂರೂವರೆಯಿಂದ ಗುಣಿಸಿದರೆ ಸಾಕು. ಅಂಗಡಿಯವರೂ ಸೊನ್ನೆ ನುಂಗುತ್ತಾರೆ, '40' ಎಂದು ಬರೆದಿದ್ದರೆ ಅದು 40,000. 20,000 ಮತ್ತು 5,00,000 ಎರಡೂ ನೀಲಿ ನೋಟು. ರಾತ್ರಿ ಟ್ಯಾಕ್ಸಿಯಲ್ಲಿ ಅವಸರಕ್ಕೆ 70 ರೂಪಾಯಿಯ ಬದಲು 1,700 ರೂಪಾಯಿ ಕೊಟ್ಟುಬಿಡುವುದು ಹೀಗೆ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ.

ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಹತ್ತು ದಿನ ಬ್ರೆಡ್ಡು ಬಾಳೆಹಣ್ಣಿನ ಗತಿಯೇ?
— ಶಿರಸಿಯ ವಿದ್ಯಾರ್ಥಿನಿ

ಅಷ್ಟು ಕಷ್ಟವಿಲ್ಲ, ಒಂದು ಪದ ಕಲಿತರೆ ಸಾಕು: 'ಚಾಯ್'. ಚಹಾ ಅಲ್ಲ, ಬೌದ್ಧರ ಸಸ್ಯಾಹಾರ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಕಂಡರೆ ಒಳಗೆ ಹೋಗಿ. ಅನ್ನದ ಜೊತೆ ನಾಲ್ಕೈದು ಪಲ್ಯ ಬಡಿಸಿದ ತಟ್ಟೆ 30ರಿಂದ 50 ಸಾವಿರ ಡಾಂಗ್‌ಗೆ ಸಿಗುತ್ತದೆ. ಕಟ್ಟುನಿಟ್ಟಿನ ಚಾಯ್ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಿಮ್ಮ ಮನೆಯ ಹಿರಿಯರಿಗೂ ಒಪ್ಪಿಗೆಯಾದೀತು. ಮೆನುವಿನಲ್ಲಿ ಕೋಳಿ, ಮೀನು ಎಂದು ಕಂಡರೆ ಗಾಬರಿಬೇಡ, ಆ ಅಂಗಡಿಗಳಲ್ಲಿ ಅದು ಸೋಯಾದಿಂದ ಮಾಡಿದ್ದು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿನ ಅನೇಕರು ಮಾಂಸ ಬಿಡುತ್ತಾರೆ. ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಚಾಯ್ ಅಂಗಡಿಗಳು ಗಿಜಿಗುಡುತ್ತವೆ. ಹ್ಯುಯೆ ಊರಿನಲ್ಲಂತೂ ಇಂಥವು ಧಾರಾಳ.

ಮೋಸವಾಗುವುದು ಸಾಮಾನ್ಯ ಹೋಟೆಲಿನಲ್ಲಿ. 'ಮಾಂಸ ಬೇಡ' ಎಂದರೆ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಸೊಪ್ಪಿನ ಪಲ್ಯಕ್ಕೂ ತೋಫುವಿಗೂ 'ನುವೊಕ್ ಮಾಮ್' ಎಂಬ ಮೀನಿನ ರಸ ಬೀಳುತ್ತದೆ. 'ನಾನು ಚಾಯ್, ನುವೊಕ್ ಮಾಮ್ ಬೇಡ' ಎಂದು ಅವರ ಭಾಷೆಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಬಾಯಲ್ಲಿ ಹೇಳಹೋದರೆ ಸ್ವರದ ಏರಿಳಿತ ತಪ್ಪಿ ಅರ್ಥವೇ ಬೇರೆಯಾಗುತ್ತದೆ. ರೈಲಿನ ರಾತ್ರಿಗೆ ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಇಡೀ ಒಣಕೊಬ್ಬರಿಗೆ ಮಾತ್ರ ವಿಮಾನದಲ್ಲಿ ಅವಕಾಶವಿಲ್ಲ, ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತುವೆಂದು ಭದ್ರತೆಯವರು ತೆಗೆದಿಡುತ್ತಾರೆ.

ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದರೆ ಅಲ್ಲಿ ಬೈಕ್ ಬಾಡಿಗೆಗೆ ಪಡೆಯಬಹುದಲ್ಲ?
— ಬೆಳಗಾವಿ

ಬೈಕ್ ಕೊಡುತ್ತಾರೆ, ಪರವಾನಗಿ ಕೇಳುವುದೂ ಇಲ್ಲ. ತೊಂದರೆ ಆಮೇಲೆ. ಭಾರತ ಕೊಡುವುದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪರವಾನಗಿ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ನಿಮ್ಮ ಪುಸ್ತಿಕೆಗೆ ಅಲ್ಲಿ ಬೆಲೆಯಿಲ್ಲ. ಪೊಲೀಸ್ ದಂಡ ಹಾಗಿರಲಿ, ಬಿದ್ದು ಕಾಲು ಮುರಿದರೆ 'ಮಾನ್ಯ ಪರವಾನಗಿ ಇರಲಿಲ್ಲ' ಎಂದು ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಆಸ್ಪತ್ರೆಯ ಬಿಲ್ಲು ಪೂರ್ತಿ ನಿಮ್ಮದೇ. ಊರೊಳಗೆ ಫೋನಿನ ಆ್ಯಪ್‌ನಲ್ಲಿ ಕರೆಯುವ ಗ್ರ್ಯಾಬ್ ಬೈಕಿನ ಹಿಂದೆ ಕೂರಿ, ಹೋಯಿ ಆನ್‌ನಲ್ಲಿ ಸೈಕಲ್ ತುಳಿಯಿರಿ.

ಮಗಳಿಗೆ 20 ವರ್ಷ, ಒಬ್ಬಳೇ ಹೋಗುತ್ತೇನೆ ಎನ್ನುತ್ತಾಳೆ. ತಾಯಿಯಾಗಿ ಏನೇನು ನೋಡಿಕೊಳ್ಳಬೇಕು?
— ಶಿವಮೊಗ್ಗ

ಮೊದಲು ಕೇಳಬೇಕಾದದ್ದು: ಟಿಕೆಟ್ ಯಾರ ದುಡ್ಡಿನದು? 'ಡೇಟಾ ಎಂಟ್ರಿ ಕೆಲಸವಿದೆ, ಟಿಕೆಟ್ ನಾವೇ ಕೊಡುತ್ತೇವೆ' ಎಂದು ಯಾರಾದರೂ ಕರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಹೀಗೆ ಹೋದ ನಮ್ಮ ದೇಶದ ಹುಡುಗರು ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಅವಳದೇ ದುಡ್ಡು, ಅವಳದೇ ಯೋಜನೆ ಎಂದಾದರೆ ಮುಂದಿನ ಮಾತು.

ಮೊದಲೆರಡು ರಾತ್ರಿಯ ಹಾಸಿಗೆ ಹೆಂಗಸರ ಡಾರ್ಮಿಟರಿಯಲ್ಲಿ ಮುಂಗಡ ಕಾಯ್ದಿರಿಸಿರಲಿ, ವಿಮಾನ ಹಗಲು ಇಳಿಯುವಂತಿರಲಿ. ನಡುರಾತ್ರಿ ಇಳಿದರೆ ಬಸ್ಸಿಲ್ಲ, ಟ್ಯಾಕ್ಸಿಯವರು ಹೇಳಿದ್ದೇ ದರ. ಹಗಲಾದರೆ ಹನೋಯಿ ವಿಮಾನ ನಿಲ್ದಾಣದಿಂದ 86ನೇ ನಂಬರಿನ ಬಸ್ಸು ಊರೊಳಗೆ ಬಿಡುತ್ತದೆ. ಹಾಸ್ಟೆಲಿನವರು ಪೊಲೀಸ್ ನೋಂದಣಿಗೆ ಪಾಸ್‌ಪೋರ್ಟ್ ಕೇಳುತ್ತಾರೆ, ಅದು ನಿಯಮ. ಫೋಟೊ ತೆಗೆದ ಮೇಲೆ ವಾಪಸ್ ಕೇಳಿ ಪಡೆಯಬೇಕು. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿ ನಿಮ್ಮ ಬಳಿಯೂ ಇರಲಿ. ಅಲ್ಲಿ ಪೊಲೀಸ್ 113, ಆಂಬುಲೆನ್ಸ್ 115. ನಮ್ಮ ರಾಯಭಾರ ಕಚೇರಿ ಹನೋಯಿಯಲ್ಲಿದೆ, ಹೋ ಚಿ ಮಿನ್ ನಗರದಲ್ಲಿ ಕಾನ್ಸುಲೇಟ್ ಇದೆ.

ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡಿ. ಊರು ಬದಲಾದಾಗ ಹಾಸ್ಟೆಲಿನ ಹೆಸರು, ರಾತ್ರಿ ಒಂಬತ್ತಕ್ಕೆ ಒಂದು ಸಂದೇಶ, ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಒಂಬತ್ತು ಗಂಟೆಗೆ ಅಲ್ಲಿ ಹತ್ತೂವರೆ ಎಂಬುದು ನೆನಪಿರಲಿ.

ಚಿಕ್ಕ ಪ್ರಶ್ನೆ: ನಮ್ಮ ಚಾರ್ಜರ್ ಪ್ಲಗ್ ಅಲ್ಲಿ ಕೂರುತ್ತದೆಯೇ? ಅಕ್ಟೋಬರ್ ರಜೆಯಲ್ಲಿ ಹೋಗಬಹುದೇ?
— ಹಾಸನ

ದುಂಡನೆಯ ಎರಡು ಪಿನ್ನಿನದು ಸಾಮಾನ್ಯವಾಗಿ ಕೂರುತ್ತದೆ, ಮೂರು ಪಿನ್ನಿನದು ಇಲ್ಲ. ಅಕ್ಟೋಬರ್, ನವೆಂಬರ್ ನಡು ವಿಯೆಟ್ನಾಂನ ಮಳೆಗಾಲ. ಹೋಯಿ ಆನ್ ಬೀದಿಗಳಲ್ಲಿ ದೋಣಿ ಓಡುವಷ್ಟು ನೀರು ಏರುವುದುಂಟು. ಆಗ ಹೋಗಲೇಬೇಕೆಂದರೆ ಹನೋಯಿ, ನಿನ್ಹ್ ಬಿನ್ಹ್ ಇಷ್ಟೇ ಮುಗಿಸಿ ಅಲ್ಲಿಂದಲೇ ಮರಳಿ.