ಟೈಟಲ್ ಕಾರ್ಡಿನಲ್ಲಿ ಒಬ್ಬರು, ನಿರ್ದೇಶಿಸಿದವರು ಇನ್ನೊಬ್ಬರು

ಪ್ರಶ್ನೆ: ಬಾರ್ಬರಾ ಸ್ಟೀಲ್ ನಟಿಸಿರುವ 'ಟೆರರ್ ಕ್ರೀಚರ್ಸ್ ಫ್ರಮ್ ದ ಗ್ರೇವ್' ನೋಡಿದೆ. ಟೈಟಲ್‌ನಲ್ಲಿ ನಿರ್ದೇಶಕರೆಂದು ರಾಲ್ಫ್ ಝಕರ್ ಹೆಸರಿದೆ, ಬೇರೆಡೆ ಮಾಸ್ಸಿಮೊ ಪುಪಿಲ್ಲೊ ಎಂದಿದೆ. ಯಾವುದು ಸರಿ? ಇಂಥ ಚಿತ್ರಗಳ ಅವಧಿ ಒಂದೊಂದು ಡಿಸ್ಕಿನಲ್ಲಿ ಒಂದೊಂದು ಥರ ಇರುತ್ತದೆ. ನನ್ನ ಪ್ರತಿಗೆ ಕತ್ತರಿ ಬಿದ್ದಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ನಿರ್ದೇಶಿಸಿದವರು ಪುಪಿಲ್ಲೊ. ಝಕರ್ ಅಮೆರಿಕದ ನಿರ್ಮಾಪಕ. ಚಿತ್ರಕ್ಕೆ ತಮ್ಮ ಹೆಸರೇ ಇರಬೇಕೆಂದು ಪುಪಿಲ್ಲೊ ಹಟ ಹಿಡಿಯಲಿಲ್ಲ. ಹೀಗಾಗಿ ಝಕರ್ ಎಂಬುದು ಪುಪಿಲ್ಲೊ ಅವರದೇ ಗುಪ್ತನಾಮ ಎಂದು ಬಹಳ ಕಾಲ ಬರೆದವರಿದ್ದಾರೆ. ಆ ಗೊಂದಲ ಬಗೆಹರಿದದ್ದು ಪುಪಿಲ್ಲೊ ಅವರೇ ಮುಂದೆ ಸಂದರ್ಶನದಲ್ಲಿ ಬಾಯಿಬಿಟ್ಟ ಮೇಲೆ. ಆಗಿನ ಇಟಲಿಯಲ್ಲಿ ಹಾರರ್‌ಗೆ ಇಂಗ್ಲಿಷ್ ಹೆಸರು ಹಾಕುವುದು ವ್ಯಾಪಾರದ ರೂಢಿ. ನಿರ್ದೇಶಕ ರಿಕ್ಕಾರ್ದೊ ಫ್ರೆದಾ 'ರಾಬರ್ಟ್ ಹ್ಯಾಂಪ್ಟನ್' ಆದರು, ಪುಪಿಲ್ಲೊ 'ಮ್ಯಾಕ್ಸ್ ಹಂಟರ್' ಆದರು.

ಪುಪಿಲ್ಲೊ ಅವರ ಹಾರರ್ ಚಿತ್ರಗಳು ಮೂರೇ, ಮೂರೂ 1965ರವು. ನೀವು ನೋಡಿದ್ದೇ ಅವುಗಳಲ್ಲಿ ಉತ್ತಮವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಜಿನ ಪೆಟ್ಟಿಗೆಯಲ್ಲಿಟ್ಟ, ಪ್ಲೇಗ್ ಹರಡಿದವರ ಒಣಗಿದ ಕೈಗಳನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ. ಕ್ಯಾಮೆರಾ ಕಾರ್ಲೊ ದಿ ಪಾಲ್ಮಾ ಅವರದು, ಖ್ಯಾತ ನಿರ್ದೇಶಕ ಆಂತೋನಿಯೋನಿಯ 'ಇಲ್ ದೆಸೆರ್ತೊ ರೊಸ್ಸೊ' ಚಿತ್ರೀಕರಿಸಿದ ಅದೇ ಛಾಯಾಗ್ರಾಹಕ! ದುಡ್ಡು ಕಡಿಮೆಯಿದ್ದರೂ ನೆರಳು ಬೆಳಕಿನಲ್ಲಿ ಬಡತನ ಕಾಣದಿರಲು ಅದೇ ಕಾರಣ.

'ಬ್ಲಡಿ ಪಿಟ್ ಆಫ್ ಹಾರರ್' ಬಣ್ಣದ ಚಿತ್ರ. ಅಬ್ರುಝೊ ಪ್ರಾಂತ್ಯದ ಬಾಲ್ಸೊರಾನೊ ಕೋಟೆಯಲ್ಲಿ ಚಿತ್ರೀಕರಣ ನಡೆಯಿತು. ಖಳನಾಗಿ ಮಿಸ್ಟರ್ ಯೂನಿವರ್ಸ್ ಮಿಕ್ಕಿ ಹಾರ್ಗಿಟೇ. ನಕಲಿ ಜೇಡ, ಹಗ್ಗದ ಬಲೆ, ಎಳೆ ಅಲುಗಿದರೆ ಹಾರುವ ಬಾಣ, ಈ ದೃಶ್ಯವೊಂದಕ್ಕಾಗಿಯಾದರೂ ನೋಡಲೇಬೇಕು. ಮೂರನೆಯದು 'ಲಾ ವೆಂದೆತ್ತಾ ದಿ ಲೇಡಿ ಮೋರ್ಗನ್', ಕಪ್ಪುಬಿಳುಪು ದೆವ್ವದ ಕಥೆ. ಅದನ್ನು ಕೊನೆಗಿಟ್ಟುಕೊಳ್ಳಿ.

ಇನ್ನು ಅವಧಿ. ಕತ್ತರಿ ಎಂದು ತೀರ್ಮಾನಿಸುವ ಮೊದಲು ವೇಗ ನೋಡಿ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಫ್ರೇಮ್, ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿಯಲ್ಲಿ 25. ಹಾಗಾಗಿ 90 ನಿಮಿಷದ ಚಿತ್ರ ಏನೂ ಕತ್ತರಿಸದೆಯೇ 86 ನಿಮಿಷ 24 ಸೆಕೆಂಡಿಗೆ ಮುಗಿಯುತ್ತದೆ, ದನಿಯೂ ತುಸು ತೆಳ್ಳಗೆ ಕೇಳಿಸುತ್ತದೆ. ಪಾಲ್ ಅವಧಿಯನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿದರೆ ನಿಜವಾದ ಅವಧಿ ಸಿಗುತ್ತದೆ.

ಆ ಸಂಖ್ಯೆಯನ್ನು ಇಟಲಿಯ ಸೆನ್ಸಾರ್ ದಾಖಲೆಯೊಂದಿಗೆ ಹೋಲಿಸಿ. 'ಇಟಾಲಿಯಾ ತಾಲ್ಯಾ' ಎಂಬ ಜಾಲತಾಣದಲ್ಲಿ ಈ ದಾಖಲೆಗಳಿವೆ, ಉದ್ದ ಮೀಟರಿನಲ್ಲಿರುತ್ತದೆ. 35 ಎಂಎಂ ರೀಲು ನಿಮಿಷಕ್ಕೆ 27.36 ಮೀಟರ್ ಓಡುತ್ತದೆ. ಅಂದರೆ 2,400 ಮೀಟರ್ ಎಂದಿದ್ದರೆ ಸುಮಾರು 87 ನಿಮಿಷ 43 ಸೆಕೆಂಡು. ಒಂದೆರಡು ನಿಮಿಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹಳೇ ಪ್ರಿಂಟುಗಳಲ್ಲಿ ರೀಲಿನ ತುದಿಗಳು ಸವೆದು ಅಷ್ಟು ಹೋಗಿರುತ್ತದೆ. ಐದು ನಿಮಿಷ ದಾಟಿದರೆ ಮಾತ್ರ ದೃಶ್ಯಗಳೇ ಹೋಗಿವೆಯೇ ಎಂದು ಹುಡುಕಿ. ಹಾಗಿದ್ದರೆ ಇಟಾಲಿಯನ್ ಧ್ವನಿಯಿರುವ ಪ್ರತಿ ಹುಡುಕುವುದು ಒಳ್ಳೆಯದು. ಆ ಕಾಲದ ಇಟಾಲಿಯನ್ ಚಿತ್ರಗಳಿಗೆ ಮಾತು ಸೇರಿಸುತ್ತಿದ್ದುದು ಚಿತ್ರೀಕರಣದ ನಂತರವೇ, ಹೀಗಾಗಿ ತುಟಿ ಹೊಂದದಿದ್ದರೆ ಅದು ಡಿಸ್ಕಿನ ದೋಷವಲ್ಲ.

ಮುಂದೆ ಪುಪಿಲ್ಲೊ ಹಾರರ್ ಬಿಟ್ಟರು. ಮ್ಯಾಕ್ಸ್ ಹಂಟರ್ ಹೆಸರು ಹುಡುಕಿದರೆ 1967ರ ಅವರ ಕೌಬಾಯ್ ಚಿತ್ರ 'ಜ್ಯಾಂಗೊ ಕಿಲ್ಸ್ ಸಾಫ್ಟ್‌ಲಿ' ಸಿಗುತ್ತದೆ.