ಅಪ್ಪನ ಹಳೇ ಥಿಂಕ್‌ಪ್ಯಾಡ್ 15 ವರ್ಷದ ಮೇಲೆ ಆನ್ ಮಾಡಬಹುದಾ? ಈ ಹವ್ಯಾಸ ಎಲ್ಲಿಂದ ಶುರು ಮಾಡಲಿ?

ಚಾರ್ಜರ್ ಕೈಯಲ್ಲಿದ್ದರೆ ಮೊದಲು ಕೆಳಗಿಡಿ. ಆಮೇಲೆ ಓದಿ.

ನೀವು ಕೇಳಿದ್ದು ಎರಡು. ಅಟ್ಟದ ಮೇಲೆ ಸಿಕ್ಕ ಥಿಂಕ್‌ಪ್ಯಾಡ್ 600 ಎಂಬ ಐಬಿಎಂ ಲ್ಯಾಪ್‌ಟಾಪ್ ಅನ್ನು ಸುಮ್ನೆ ಪ್ಲಗ್ ಹಾಕಿ ನೋಡಬಹುದಾ ಅನ್ನೋದು ಒಂದು. ಹಳೇ ಪೋರ್ಟಬಲ್ ಕಂಪ್ಯೂಟರ್ ಕೂಡಿಹಾಕಿ ರಿಪೇರಿ ಮಾಡುವ ಹುಚ್ಚಿಗೆ ಯಾವುದರಿಂದ ಕೈ ಹಾಕಲಿ ಅನ್ನೋದು ಇನ್ನೊಂದು. ನನಗೆ ಈ ಹುಚ್ಚು ಹಿಡಿದು ಹತ್ತು ವರ್ಷವಾಯಿತು. ಮನೆಯಲ್ಲಿ 9 ಯಂತ್ರಗಳಿವೆ, 6 ಓಡುತ್ತವೆ. ಉಳಿದ ಮೂರರ ವಿಷಯ ಹೆಂಡತಿ ಎತ್ತಿದರೆ ಮಾತು ಬದಲಾಯಿಸುತ್ತೇನೆ.

ಇವು ಬಳಸಿ ಹಾಳಾಗಿದ್ದು ಕಡಿಮೆ, ಇಟ್ಟು ಹಾಳಾಗಿದ್ದೇ ಜಾಸ್ತಿ. ಬ್ಯಾಟರಿ ಒಳಗೇ ಬಿಟ್ಟು ಬೀರುವಿನಲ್ಲಿಟ್ಟರೆ ಸಾಕು, ಉಳಿದ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ನನಗೆ ಇದು ಅರ್ಥವಾಗಿದ್ದು ಟಿಆರ್‌ಎಸ್-80 ಮಾಡೆಲ್ 100 ಎಂಬ ಯಂತ್ರದಿಂದ. ನಮ್ಮ ಭಾವ ಅಮೆರಿಕದಿಂದ ವಾಪಸ್ ಬರುವಾಗ ಅಲ್ಲಿ ಯಾರದೋ ಮನೆ ಮುಂದೆ ಹಳೇ ಸಾಮಾನಿನ ಜೊತೆ ಮಾರಾಟಕ್ಕಿಟ್ಟಿದ್ದನ್ನು ಕೊಂಡು, ‘ನಿನಗೆ ಇಂಥದ್ದೆಲ್ಲ ಇಷ್ಟ ಅಲ್ವಾ’ ಅಂತ ಸೂಟ್‌ಕೇಸ್‌ನಲ್ಲಿ ಬಟ್ಟೆ ಸುತ್ತಿ ತಂದಿದ್ದರು. 1983ರ ಯಂತ್ರ. ಜಪಾನಿನ ಕ್ಯೋಸೆರಾ ಮಾಡಿದ್ದು, ಅಮೆರಿಕದಲ್ಲಿ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಮಾರಿದ್ದು. ಗಾತ್ರ ಒಂದು ದಪ್ಪ ನೋಟ್‌ಬುಕ್ಕಿನಷ್ಟು, ತೂಕ ಒಂದೂವರೆ ಕಿಲೋ ಒಳಗೆ. ಪರದೆಯಲ್ಲಿ 8 ಸಾಲು, ಸಾಲಿಗೆ 40 ಅಕ್ಷರ, ಅಷ್ಟೇ. ಆದರೆ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸುಮಾರು 20 ಗಂಟೆ ಓಡುತ್ತದೆ. ಆ ಕಾಲದ ಪತ್ರಕರ್ತರು ಇದರಲ್ಲೇ ವರದಿ ಬರೆದು ಟೆಲಿಫೋನ್ ಲೈನಿನಲ್ಲಿ ಕಚೇರಿಗೆ ಕಳಿಸುತ್ತಿದ್ದರು. ಇದರ ಒಳಗಿನ ಸಾಫ್ಟ್‌ವೇರ್‌ನಲ್ಲಿ ಬಿಲ್ ಗೇಟ್ಸ್ ಕೈಯಾರೆ ಬರೆದ ಭಾಗವೂ ಇದೆ.

ಸೆಲ್ ಹಾಕಿ ಸ್ವಿಚ್ ಒತ್ತಿದೆ. ಏನೂ ಇಲ್ಲ. ಕೆಳಗಡೆಯ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಸೆಲ್ ತೆಗೆದಾಗಲೂ ಬರೆದದ್ದು ಅಳಿಸಿಹೋಗದಿರಲಿ ಅಂತ ಬೋರ್ಡ್ ಮೇಲೆ ಒಂದು ಪುಟ್ಟ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಸೋಲ್ಡರ್ ಮಾಡಿರುತ್ತಾರೆ. ಅದು ಸೋರಿತ್ತು. ಸುತ್ತಲ ತಾಮ್ರದ ಗೆರೆಗಳ ಮೇಲೆ ನೀಲಿ ಹಸಿರು ಹುಡಿ, ತೊಳೆಯದೆ ಬಿಟ್ಟ ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಾಗೆ. ಇದು ಯಾರ ತಪ್ಪೂ ಅಲ್ಲ. ನಲವತ್ತು ವರ್ಷ ಬಾಳಲಿ ಅಂತ ಆ ಬ್ಯಾಟರಿಯನ್ನು ಯಾರೂ ಮಾಡಿರಲಿಲ್ಲ.

ಸೋರಿದ್ದು ಕ್ಷಾರ. ಅದನ್ನು ತಣ್ಣಗಾಗಿಸಲು ಹುಳಿ ಬೇಕು. ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಾಮ್ರ ಬೆಳಗುತ್ತೇವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಬೋರ್ಡಿಗೆ ಹುಣಸೆಹಣ್ಣು ಬೇಡ, ಬಿಳಿ ವಿನಿಗರ್ ಸಾಕು. ಬ್ಯಾಟರಿ ಕತ್ತರಿಸಿ ತೆಗೆದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನಿಗರ್‌ನಲ್ಲಿ ಅದ್ದಿ ಒರೆಸಿದೆ. ಸಣ್ಣಗೆ ನೊರೆ ಬಂತು. ನೊರೆ ನಿಲ್ಲುವ ತನಕ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಒಂದು ರಾತ್ರಿ ಒಣಗಲು ಬಿಟ್ಟೆ. ಮಲ್ಟಿಮೀಟರ್ ಹಿಡಿದು ಗೆರೆ ಗೆರೆ ನೋಡಿದಾಗ ಒಂದು ಪೂರ್ತಿ ತಿಂದುಹೋಗಿತ್ತು. ಕೂದಲಿನಂಥ ತಂತಿ ಹಾಕಿ ಜೋಡಿಸಿದೆ. ಹಳೇ ಬ್ಯಾಟರಿ ಜಾಗಕ್ಕೆ 3.6 ವೋಲ್ಟಿನ ನಿಕೆಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಬಂತು. ಇಲ್ಲಿ ನಾಣ್ಯದಂಥ ಲಿಥಿಯಂ ಬಿಲ್ಲೆ ಬ್ಯಾಟರಿ ಹಾಕುವ ಆಸೆ ಬರುತ್ತದೆ, ಬೇಡ. ಈ ಸರ್ಕ್ಯೂಟ್ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಬಿಲ್ಲೆ ಚಾರ್ಜ್ ಮಾಡುವ ವಸ್ತುವಲ್ಲ.

ಆದರೂ ಪರದೆ ಖಾಲಿ. ಈ ಮಾಡೆಲ್‌ನ ಪರದೆಗೆ ಮೈನಸ್ 5 ವೋಲ್ಟ್ ಬೇಕು, ಅದು ಬರುತ್ತಿರಲಿಲ್ಲ. ಬೋರ್ಡ್ ಮೇಲೆ ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಯಂಥ ಭಾಗಗಳು, ಅಂದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು, ಅವೂ ವಯಸ್ಸಾದ ಮೇಲೆ ಸೋರುತ್ತವೆ. ಹೊಸ ಕೆಪಾಸಿಟರ್ ತರಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಚೀಟಿ ಹಿಡಿದು ಹೋದೆ. ಅಂಗಡಿಯವರು ಚೀಟಿ ನೋಡಿ ‘ಎಷ್ಟು ಕೇಜಿ ಬೇಕು ಸರ್’ ಅಂತ ನಕ್ಕರು, ನಾನು ಕೇಳಿದ್ದು ಒಂದೊಂದು. ಎಲ್ಲ ಬದಲಾಯಿಸಿ ಸ್ವಿಚ್ ಒತ್ತಿದಾಗ ಪರದೆಯ ಮೇಲಿನ ಮೂಲೆಯಲ್ಲಿ ಜನವರಿ 1, 1900, ಭಾನುವಾರ. ಕೆಳಗಡೆ 29638 ಬೈಟ್ ಖಾಲಿ ಇದೆ ಎಂಬ ಸಾಲು. ಅದರ ಇಡೀ ಮೆಮೊರಿಯೇ 32 ಕೆಬಿ. ಆವತ್ತಿನ ತಾರೀಖು ಹಾಕಿದೆ. ವರ್ಷದ ಮೊದಲ ಎರಡು ಅಂಕಿ 19 ಅಂತ ಚಿಪ್‌ನಲ್ಲೇ ಬರೆದುಬಿಟ್ಟಿದ್ದಾರೆ, ಹಾಗಾಗಿ 2021 ಅಂದರೆ ಅದಕ್ಕೆ 1921. ವಾರವನ್ನೂ ನಾವೇ ಹೇಳಬೇಕು, ಮಂಗಳವಾರವನ್ನು ಶುಕ್ರವಾರ ಅಂದರೂ ಒಪ್ಪಿಕೊಳ್ಳುತ್ತದೆ. ನಾನು ಅದನ್ನು ಹಾಗೇ ಬಿಟ್ಟಿದ್ದೇನೆ.

ಅಡಾಪ್ಟರ್ ವಿಷಯ ಒಂದು ಮಾತು. ಮಾಡೆಲ್ 100ಕ್ಕೆ 6 ವೋಲ್ಟ್, ಪಿನ್ನಿನ ಒಳಗಡೆ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವಕ್ಕೆ ಒಳಗಡೆ ಪ್ಲಸ್. ಪಿನ್ನು ಸರಿಯಾಗಿ ಕೂತಿತು ಅಂದಮಾತ್ರಕ್ಕೆ ಸ್ವಿಚ್ ಹಾಕಬೇಡಿ. ಅಮೆರಿಕದಿಂದ ಬಂದ ಕೆಲವು ಯಂತ್ರಗಳಿಗೆ ನಮ್ಮ 230 ವೋಲ್ಟ್ ಆಗುವುದೇ ಇಲ್ಲ, ಹಿಂದುಗಡೆ ಬರೆದಿದ್ದನ್ನು ಓದಿ.

ಈಗ ನಿಮ್ಮ ಥಿಂಕ್‌ಪ್ಯಾಡ್. ದೊಡ್ಡ ಬ್ಯಾಟರಿ ತೆಗೆದು ಪಕ್ಕಕ್ಕಿಡಿ. ಅಷ್ಟು ವರ್ಷ ಖಾಲಿ ಬಿದ್ದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು ಹೋಗಲೇಬೇಡಿ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಬ್ಯಾಟರಿ ಇಲ್ಲದೆ ಅಡಾಪ್ಟರ್‌ನಿಂದಲೇ ಅದು ಓಡುತ್ತದೆ, ಬೇಕಾದ್ದು 16 ವೋಲ್ಟ್. ಅದಕ್ಕೂ ಮೊದಲು ಹಾರ್ಡ್ ಡಿಸ್ಕ್ ಹೊರಗೆ ತೆಗೆದು, ಹಳೇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ 44 ಪಿನ್ನಿನ ಐಡಿಇ ಅಡಾಪ್ಟರ್ ಹಾಕಿ ಎಲ್ಲವನ್ನೂ ಈಗಿನ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಹಳೇ ಡಿಸ್ಕ್ ಎರಡನೇ ಸಲ ತಿರುಗುತ್ತದೆ ಅಂತ ಗ್ಯಾರಂಟಿ ಇಲ್ಲ. ಆನ್ ಮಾಡಿದಾಗ 161, 163 ಅಂತ ಎರರ್ ಬಂದರೆ ಗಾಬರಿ ಬೇಡ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದೆ, ಗಡಿಯಾರ ಮರೆತಿದೆ, ಅಷ್ಟೇ.

ಮೊದಲ ಖರೀದಿಗೂ ಇಂಥದ್ದನ್ನೇ ಹುಡುಕಿ: 90ರ ದಶಕದ ಕೊನೆಯ ಥಿಂಕ್‌ಪ್ಯಾಡ್ ಅಥವಾ ತೋಷಿಬಾ. ಬಿಡಿಭಾಗ ಸಿಗುತ್ತವೆ, ಬಿಚ್ಚುವ ಪುಸ್ತಕವೂ ಸಿಗುತ್ತದೆ. ಫೋಟೋದಲ್ಲಿ ಚೆಂದ ಕಾಣುತ್ತದೆ ಅಂತ 1981ರ ಆಸ್ಬೋರ್ನ್ 1ಕ್ಕೆ ಬೀಳಬೇಡಿ. 11 ಕಿಲೋ ಇದೆ, ಒಳಗೆ ಟಿವಿಯಂಥ ಪಿಕ್ಚರ್ ಟ್ಯೂಬ್ ಇದೆ, ಆಫ್ ಮಾಡಿದ ಮೇಲೂ ಶಾಕ್ ಹೊಡೆಯಬಲ್ಲದು. 1989ರ ಮ್ಯಾಕಿಂತಾಷ್ ಪೋರ್ಟಬಲ್ ಇನ್ನೂ ವಿಚಿತ್ರ. ಬ್ಯಾಟರಿ ಸತ್ತಿದ್ದರೆ ಅಡಾಪ್ಟರ್ ಹಾಕಿದರೂ ಏಳುವುದಿಲ್ಲ. ಮೊದಲ ಕಾಂಪ್ಯಾಕ್ ಪೋರ್ಟಬಲ್‌ನ ಕೀಲಿಗಳ ಕೆಳಗೆ ಸ್ಪಂಜಿನ ಬಿಲ್ಲೆಗಳಿರುತ್ತವೆ, ಅವೆಲ್ಲ ಈ ಹೊತ್ತಿಗೆ ಪುಡಿಯಾಗಿರುತ್ತವೆ. ಕೂತು ಒಂದೊಂದೇ ಬದಲಾಯಿಸುವ ತಾಳ್ಮೆ ನಿಮಗಿದ್ದರೆ ಸರಿ.

ಕೊಳ್ಳುವಾಗ ಪರದೆಯ ಹತ್ತಿರ ಮೂಗು ಹಿಡಿಯಿರಿ, ನಾಚಿಕೆ ಬೇಡ. ವಿನಿಗರ್ ವಾಸನೆ ಬಂದರೆ ಪರದೆಗೆ ಅಂಟಿಸಿದ ಪೋಲರೈಸರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಕೊಳೆಯುತ್ತಿದೆ ಅಂತ ಅರ್ಥ. ಹಾಳೆ ಕಿತ್ತು ಹೊಸದು ಅಂಟಿಸಬಹುದು, ಆದರೆ ಮೊದಲ ಯಂತ್ರದ ಮೇಲೆ ಆ ಪ್ರಯೋಗ ಬೇಡ. ಥಿಂಕ್‌ಪ್ಯಾಡ್ ಆದರೆ ಕೊಡುವವರ ಎದುರೇ ಆನ್ ಮಾಡಿಸಿ. ಯಂತ್ರದ ಸೆಟ್ಟಿಂಗ್‌ಗೇ ಬೀಗ ಹಾಕುವ ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದರೆ ಬಿಲ್ಲೆ ಬ್ಯಾಟರಿ ತೆಗೆದರೂ ಅಳಿಯುವುದಿಲ್ಲ, ಅದು ಬೇರೆಯೇ ಚಿಪ್‌ನಲ್ಲಿ ಕೂತಿರುತ್ತದೆ. ಹಾಗೆ ಸಿಕ್ಕಿಹಾಕಿಕೊಂಡಿರುವ ಒಂದು, ಓಡದ ನನ್ನ ಆ ಮೂರರಲ್ಲಿದೆ. ಮಾರಿದವರ ಫೋನ್ ಈಗ ಸ್ವಿಚ್ ಆಫ್.

ನಿಮ್ಮದರಲ್ಲೂ ಪಾಸ್‌ವರ್ಡ್ ಇತ್ತಾ ಅಂತ ಅಪ್ಪನನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.